ಕಡಲಕಾವಲಿನ ಕರುಗಳು

ಆ ದಿನ ಬೆಳಿಗ್ಗೆ ಗಾಳಿ ಪೂರಾ ಬಿದ್ದುಹೋಗಿತ್ತು. ಕಡಲ ಮೇಲಿಂದ ಎದ್ದ ಮಂಜು ದಂಡೆಗೆ ಬಂದು ಅಲ್ಲೇ ಕೂತುಬಿಟ್ಟಿತ್ತು. ಮುಂದಕ್ಕೂ ಬಾರದು, ಹಿಂದಕ್ಕೂ ಸರಿಯದು. ಅಲೆಯ ಸದ್ದು ಕೇಳುತ್ತಿತ್ತೇ ಹೊರತು ಅಲೆ ಕಾಣುತ್ತಿರಲಿಲ್ಲ. ಗೋವಳರಾಯನ ಗುಡಿಯಲ್ಲಿ ನಾನು ಹಚ್ಚಿದ ದೀಪ ಒಂದಿಷ್ಟೂ ಅಲುಗದೆ, ಗೋಡೆಯ ಮೇಲೆ ಬರೆದಿಟ್ಟ ದೀಪದ ಹಾಗೆ ನಿಂತಿತ್ತು. ಅಂಥ ಬೆಳಗಿನಲ್ಲಿ ದೇವರು ಹತ್ತಿರವೇ ಎಲ್ಲೋ ಇದ್ದಾನೆ ಅನ್ನಿಸಬೇಕು. ನನಗೆ ಹಾಗೆ ಅನ್ನಿಸಲಿಲ್ಲ. ಮಂಜಿನೊಳಗಿಂದ ದನಗಾಹಿ ಬೊಮ್ಮು ಬಂದು ಮೆಟ್ಟಿಲ ಕೆಳಗೆ ನಿಂತ. ಕೆಂದಿ ಈಯುವುದಕ್ಕೆ ನಿಂತಿದೆ, ಒಡತಿ ಕರೆದಿದ್ದಾರೆ ಎಂದ. ಹೇಳಿದವನು ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಹುಟ್ಟುವ ಕರು ಏನನ್ನು ಹೊತ್ತು ಬರುತ್ತದೋ ಎಂಬ ಹೆದರಿಕೆ ಇಬ್ಬರಿಗೂ ಒಂದೇ ಆಗಿತ್ತು.

ಗೋವಳರಾಯನಿಗೆ ದೀಪ ಹಚ್ಚುವವನನ್ನು ನಮ್ಮೂರಲ್ಲಿ ದೀಪದಯ್ಯ ಎಂದು ಕರೆಯುತ್ತಾರೆ. ನನ್ನ ಅಪ್ಪ ದೀಪದಯ್ಯನಾಗಿದ್ದ, ಅವನ ಅಪ್ಪನೂ. ನಮಗೆ ಕೆಲಸ ಎರಡೇ. ಕಡಲಕಾವಲಿನ ತುಪ್ಪದಲ್ಲಿ ದೇವರಿಗೆ ದೀಪ ಬೆಳಗುವುದು. ಕಡಲಕಾವಲಿನಲ್ಲಿ ಕರು ಹುಟ್ಟಿದಾಗ ಅದರ ಎಡದೊಡೆಯ ಮೇಲಿನ ಗುರುತು ನೋಡಿ, ನೆರೆದವರಿಗೆ ಕೇಳುವ ಹಾಗೆ ಕೂಗಿ ಹೇಳುವುದು. ಕಂಡದ್ದನ್ನು ಹೇಳಬೇಕು, ಅರ್ಥ ಹೇಳಬಾರದು. ಅರ್ಥ ಹೇಳಲು ಊರು ತುಂಬ ಜನ ಇದ್ದರು. ಬೇರೆ ಸೀಮೆಗಳಲ್ಲಿ ಕಬ್ಬಿಣ ಕಾಯಿಸಿ ದನದ ಮೈಮೇಲೆ ಒಡೆಯನ ಮುದ್ರೆ ಒತ್ತುತ್ತಾರಂತೆ. ಅದನ್ನು ಕೇಳಿದರೆ ನಮ್ಮ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಕರುಗಳಿಗೆ ಮುದ್ರೆ ಹೊಟ್ಟೆಯೊಳಗೇ ಬೀಳುತ್ತಿತ್ತು. ಈಗಿನ ಒಡೆಯನದಲ್ಲ, ಮುಂದೆ ಬರುವ ಒಡೆಯನದು.

ಕಡಲಕಾವಲು ಎಂದರೆ ಗುಡ್ಡದ ಬುಡದಿಂದ ಕಡಲಿನವರೆಗೆ ಹಬ್ಬಿದ್ದ ಹುಲ್ಲುಗಾವಲು. ಅದು ಉಂಬಳಿಯ ನೆಲ. ಹಿಂದೆ ಒಬ್ಬ ಅರಸು ಕಡಲು ದಾಟುವಾಗ ದೋಣಿ ಮಗುಚಿ ಮುಳುಗಿದನಂತೆ. ಮಲ್ಲರಸನೆಂಬ ದಳಪತಿ ಅವನನ್ನು ಜುಟ್ಟು ಹಿಡಿದು ದಂಡೆಗೆ ಎಳೆದು ತಂದ. ಬದುಕಿದ ಅರಸು ಕೆಮ್ಮುತ್ತ ಕೂತಲ್ಲಿಂದಲೇ ಕಣ್ಣಿಗೆ ಕಂಡ ಹಸುರನ್ನೆಲ್ಲ ತೋರಿಸಿ, ಹಸುವಿನ ಗೊರಸು ಉಪ್ಪುನೀರಿನಲ್ಲಿ ನೆನೆಯುವವರೆಗೆ ನಿನ್ನದು ಎಂದನಂತೆ. ಆ ಹಸುರಿನ ನಡುವೆ ಗೋವಳರ ಗುಡಿಸಲುಗಳಿದ್ದವು, ಅವರ ದನಗಳಿದ್ದವು. ಅರಸಿನ ಕಣ್ಣಿಗೆ ನೀರು ಹೋಗಿತ್ತು, ಅವು ಕಾಣಿಸಲಿಲ್ಲ ಎಂದು ನನ್ನ ಅಜ್ಜ ಕತೆ ಹೇಳುವಾಗ ಹೇಳುತ್ತಿದ್ದ, ಹೇಳಿ ನಗುತ್ತಿರಲಿಲ್ಲ.

ಮಲ್ಲರಸ ಗೋವಳರನ್ನು ಹೊಳೆಯಾಚೆಗೆ ಕಳಿಸಿದ. ದನ ಬೇರೆಯವರ ಕೂಗಿಗೆ ತಿರುಗಿಯೂ ನೋಡದ್ದರಿಂದ ಒಂದು ಮನೆಯವರನ್ನು ಮಾತ್ರ ದನ ಕಾಯಲು ಉಳಿಸಿಕೊಂಡ. ಆ ಒಂದು ಮನೆಯೇ ಬೆಳೆದು ಈಗಿನ ಗೋವಳರ ಕೇರಿಯಾಗಿದೆ. ಬೊಮ್ಮು ಆ ಮನೆಯವನು. ನಮ್ಮ ಕಡೆ ದನ ಮಾರುವವನು ಕೊರಳಿನ ಕಣ್ಣಿಯನ್ನು ಜೊತೆಗೆ ಕೊಡುವುದಿಲ್ಲ; ಹಗ್ಗ ಬಿಚ್ಚಿ ಇಟ್ಟುಕೊಂಡು ಬರೀ ದನ ಕೊಡುತ್ತಾನೆ. ಕಣ್ಣಿ ಉಳಿದ ಮನೆಗೆ ದನ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂಬ ನಂಬಿಕೆ. ಇದು ಗೊತ್ತಿದ್ದ ಮಲ್ಲರಸ ಗೋವಳರ ಮುಖ್ಯ ಹೋರಿಯ ಕಣ್ಣಿಯನ್ನೇ ಕಿತ್ತುಕೊಂಡು, ಕೆಂಪು ರೇಷ್ಮೆಯಲ್ಲಿ ಸುತ್ತಿ, ತನ್ನ ಮನೆಯ ಒಲೆಯ ಮೇಲಿನ ತೊಲೆಗೆ ಕಟ್ಟಿದ. ಅಂದಿನಿಂದ ಮನೆ ಯಾರ ಕೈಗೆ ಹೋದರೂ ಆ ಗಂಟು ಜೊತೆಗೇ ಹೋಯಿತು. ದೀಪಾವಳಿಯಲ್ಲಿ ಗೋಪೂಜೆಯ ದಿನ ಒಡೆಯರು ಅದನ್ನು ಇಳಿಸುತ್ತಾರೆ, ದನಗಾಹಿ ಕಣ್ಣು ಮುಚ್ಚಿ ಅದಕ್ಕೆ ಹಣೆ ಹಚ್ಚುತ್ತಾನೆ, ಮತ್ತೆ ತೊಲೆಗೆ ಕಟ್ಟುತ್ತಾರೆ. ರೇಷ್ಮೆ ಬಿಚ್ಚಿ ಒಳಗಿದ್ದುದನ್ನು ಕಂಡವರು ಬದುಕಿದ್ದವರಲ್ಲಿ ಯಾರೂ ಇರಲಿಲ್ಲ.

ಮಲ್ಲರಸನ ಮರಿಮಗನ ಕಾಲದಲ್ಲಿ ಕರುಗಳು ತಕ್ಕಡಿಯ ಗುರುತು ಹೊತ್ತು ಹುಟ್ಟತೊಡಗಿದವು. ಅವನು ಆ ಕರುಗಳನ್ನು ಹೊಳೆಯಾಚೆ ಅಟ್ಟಿಸಿದ. ಅವು ಈಜಿಕೊಂಡು ತಾಯಿಯ ಬಳಿ ಬಂದವು. ತಕ್ಕಡಿಯವರನ್ನು ಹೊಸಿಲು ತುಳಿಸುವುದಿಲ್ಲವೆಂದು ಅವನು ವ್ಯಾಪಾರಿಗಳೊಂದಿಗೆ ಜಗಳ ಕಾಯ್ದ. ತುಪ್ಪ, ಬೆಣ್ಣೆ ಯಾರೂ ಕೊಳ್ಳದೆ ಮನೆಯಲ್ಲೇ ಕಮಟಿತು, ಕೊನೆಗೆ ಮೆಣಸಿನ ವ್ಯಾಪಾರಿ ಶಿವಪ್ಪಶೆಟ್ಟಿಗೇ ಕಾವಲು ಮಾರಿದ. ಶೆಟ್ಟಿಯ ಕಾಲಕ್ಕೆ ಕರುಗಳ ಮೇಲೆ ಲಂಗರು ಮೂಡಿತು. ಶೆಟ್ಟಿ ಹಿಗ್ಗಿದ, ತನಗೆ ಕಡಲಿನ ಯೋಗ ಬಂತೆಂದು ಹಡಗು ಕಟ್ಟಿಸಿದ. ಹಡಗುಗಳು ಮುಳುಗಿದವು, ಸಾಲಕ್ಕೆ ಕಾವಲು ಹಡಗಿನ ವ್ಯಾಪಾರದ ಕಾಸಿಂ ಸಾಹೇಬರ ಪಾಲಾಯಿತು. ಸಾಹೇಬರು ಒಳ್ಳೆಯವರು. ಬೇರೆ ಮತದವರಾದರೂ ಗೋವಳರಾಯನ ತುಪ್ಪವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವರ ಕೊನೆಗಾಲಕ್ಕೆ ಲೇಖಣಿಯ ಗುರುತು ಬಂದಾಗ ಮಾತ್ರ ಆ ಒಳ್ಳೆಯವರೂ ಹೆದರಿದರು. ನಂಬಿಕಸ್ಥನಾಗಿದ್ದ ಗುಮಾಸ್ತನನ್ನು ಬಿಡಿಸಿ ಕಳಿಸಿದರು. ಅವಮಾನವಾದ ಗುಮಾಸ್ತ ಕೋರ್ಟಿನ ಮೆಟ್ಟಿಲು ಹತ್ತಿದ, ಇಳಿಯುವಾಗ ಕಾವಲು ಅವನದಾಗಿತ್ತು. ಅವನ ಮೊಮ್ಮಗನನ್ನು ಮದುವೆಯಾಗಿ ಬಂದವಳೇ ಹೊನ್ನಕ್ಕ, ನಾನು ಹೇಳುತ್ತಿರುವ ಒಡತಿ.

ಇಷ್ಟನ್ನೆಲ್ಲ ಕಂಡು ಕೇಳಿ ಊರು ಹೊಂದಿಕೊಂಡಿತ್ತು. ಪ್ರತಿ ಮನೆಯವರೂ ತಮಗೊಂದು ಗುರುತು ಇಟ್ಟುಕೊಂಡು ಬಾಗಿಲ ಮೇಲೆ ಬರೆಸಿದ್ದರು. ದರ್ಜಿಯದು ಕತ್ತರಿ, ಕುಂಬಾರನದು ತಿಗರಿ. ಹೆರಿಗೆಯ ನೋವು ತಿನ್ನುವ ಹಸುವನ್ನು ನೋಡಲು ಅರ್ಧ ಊರು ಕೊಟ್ಟಿಗೆಯ ಮುಂದೆ ನಿಂತಿರುತ್ತಿತ್ತು. ನಿನ್ನ ಬಾಚಣಿಗೆ ಯಾವಾಗ ಬರುತ್ತದೆ ಎಂದು ಯಾರೋ ಕೆಣಕಿದಾಗ ಕ್ಷೌರದ ಈರಪ್ಪ, “ಬಂದ್ರೆ ಮೊದ್ಲು ನಿನ್ನ ಬಾಲ ಬಾಚ್ತೆ ಮಾರಾಯ,” ಅಂದದ್ದನ್ನು ಜನ ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಗೋವಳರ ಕೇರಿಯ ಬಾಗಿಲುಗಳ ಮೇಲೆ ಮಾತ್ರ ಏನೂ ಇರಲಿಲ್ಲ. ಬರೆಸಿರೆಂದು ಅವರಿಗೆ ಯಾರೂ ಹೇಳಲಿಲ್ಲ, ಬರೆಸಬೇಕೆಂದು ಅವರಿಗೂ ತೋಚಲಿಲ್ಲ.

ಹೊನ್ನಕ್ಕನ ಗಂಡ ತೀರಿಕೊಂಡ ವರ್ಷವೇ ಕರುಗಳ ಗುರುತು ಬದಲಾಯಿತು. ನಾನು ಬಗ್ಗಿ ನೋಡಿ ಕೂಗಿದೆ: ಒಂದು ಗೋಲ, ಗೋಲದ ಪಕ್ಕಕ್ಕೆ ಒಂದು ಅಡ್ಡಗೆರೆ. ಅಂಥ ಗುರುತು ಊರಲ್ಲಿ ಯಾರ ಬಾಗಿಲ ಮೇಲೂ ಇರಲಿಲ್ಲ. ಕುಂಬಾರ ಅದು ಮಡಕೆಯ ಬಾಯಿ, ಪಕ್ಕದ್ದು ಸೌಟು ಅಂದ. ಗಾಣದವನು ತನ್ನ ಗಾಣ ಅಂದ. ಹೊನ್ನಕ್ಕ ಮುಂದೆ ಬಂದಳು. ಪಕ್ಕದಲ್ಲಿ ನಿಂತಿದ್ದ ಮಗಳು ವೇದಾವತಿಯ ಕೈ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದಳು. ಆ ಕೈಯಲ್ಲಿ ಅಜ್ಜಿಯ ಕಾಲದ ಬಳೆ ಇತ್ತು, ತಿರುಪು ಹೊರಗೆ ಚಾಚಿಕೊಂಡಿದ್ದ ಬಂಗಾರದ ಬಳೆ. ಗೋಲ, ಪಕ್ಕಕ್ಕೆ ಅಡ್ಡಗೆರೆ. ಜನ ಹೌದು ಹೌದು ಎಂದರು. ಕಾವಲಿನ ಇತಿಹಾಸದಲ್ಲೇ ಮೊದಲ ಸಲ ಗುರುತು ಬದಲಾದರೂ ನೆಲ ಹೊರಗಿನವರಿಗಲ್ಲ, ಮನೆಯ ಮಗಳಿಗೇ ಹೋಗುವುದಿತ್ತು. ಹೊನ್ನಕ್ಕ ಅಂದು ಗೋವಳರಾಯನ ಮುಂದೆ ತುಂಬ ಹೊತ್ತು ಅತ್ತಳು. ಅಷ್ಟು ಸಂತೋಷದಿಂದ ಅತ್ತವರನ್ನು ನಾನು ಆ ಗುಡಿಯಲ್ಲಿ ಬೇರೆ ನೋಡಿಲ್ಲ.

ದನಗಳ ಗೊರಸಿಗೆ ಹುಣ್ಣು ಬಂದ ಒಂದು ಬೇಸಿಗೆಯಲ್ಲಿ ಅನಂತಯ್ಯನೆಂಬ ದನದ ವೈದ್ಯ ಹೊಳೆಯಾಚೆಯಿಂದ ಬಂದು ಕೆಲವು ವಾರ ಇದ್ದ. ಮಾತು ಕಮ್ಮಿ, ಕೈ ಮೃದು. ಅವನು ಮುಲಾಮು ಹಚ್ಚುವಾಗ ವೇದಾವತಿ ದನದ ಕಾಲು ಹಿಡಿಯುತ್ತಿದ್ದಳು. ಹೋಗುವ ಮುಂಚೆ ಅವನು ಹೊನ್ನಕ್ಕನ ಬಳಿ ಬಂದು ಮಗಳನ್ನು ಕೇಳಿದ. ಹೊನ್ನಕ್ಕ ಬೇಡ ಅನ್ನಲಿಲ್ಲ, ಇಲ್ಲಿಗೇ ಬಂದು ಇರುವುದಾದರೆ ಆಗಲಿ ಅಂದಳು. ಆಚೆಯ ಊರುಗಳಿಗೆಲ್ಲ ತಾನೊಬ್ಬನೇ ವೈದ್ಯ, ಬಿಟ್ಟು ಬಂದರೆ ಮೂಕ ಪ್ರಾಣಿಗಳ ಶಾಪ ತಟ್ಟುತ್ತದೆ ಎಂದು ಅವನು ಹೇಳಿದ. ಇಬ್ಬರದೂ ಸರಿಯೇ. ನನ್ನನ್ನು ಸಾಕ್ಷಿಗೆ ಕರೆದಿದ್ದರಿಂದ ನಾನು ಅಲ್ಲೇ ಕೂತಿದ್ದೆ. ವೈದ್ಯ ಎದ್ದು ಹೋದ ಮೇಲೆ ವೇದಾವತಿ ಅಂಗಳ ನೋಡುತ್ತ ಹೇಳಿದಳು: “ಕರು ಹೇಳಿದ್ದು ಈ ನೆಲದ್ದಾಯ್ತು ಅಮ್ಮ. ನಂದು ಯಾರ ಹತ್ರ ಕೇಳೂದು?” ಹೊನ್ನಕ್ಕ ಅವಳ ತಲೆ ಸವರಿ, ಗುರುತು ಮೂಡಿದ ಮೇಲೆ ನಾವು ಕೇಳುವುದೇನೂ ಇಲ್ಲ ಮಗಾ, ಗೋವಳರಾಯ ಕೊಟ್ಟದ್ದನ್ನು ಕಾಯುವುದಷ್ಟೇ ಎಂದಳು. ಅದು ಸೊಕ್ಕಿನ ಮಾತಲ್ಲ. ಅವಳು ಹಾಗೆಂದು ನಂಬಿದ್ದಳು.

ವೇದಾವತಿ ಕಾದಳು. ಕಡಲು ಮುಂದೆ ಬರತೊಡಗಿದ್ದು ಅದೇ ವರ್ಷಗಳಲ್ಲಿ. ಮೊದಲು ಬಾವಿಯ ನೀರು ಉಪ್ಪಾಯಿತು, ಆಮೇಲೆ ಹುಲ್ಲು ಬುಡದಿಂದ ಬಿಳಿಚಿತು. ಹಸುವಿನ ಗೊರಸು ನೆನೆಯುವವರೆಗೆ ಎಂದು ಅರಸು ಹೇಳಿದ್ದ ಗಡಿ ದನ ನಿಂತಲ್ಲಿಗೇ ಬಂದು ಗೊರಸು ನೆನೆಸಿತು. ವೇದಾವತಿ, ಬೊಮ್ಮು ಮತ್ತು ಅವನ ಕೇರಿಯವರು ಸೇರಿ ಕಲ್ಲು ಹೊತ್ತು ಒಡ್ಡು ಕಟ್ಟಿದರು. ಒಡ್ಡಿನ ಒಂದು ತುದಿ ಮುಗಿಯುವಾಗ ಇನ್ನೊಂದು ತುದಿ ಕುಸಿಯುತ್ತಿತ್ತು. ಕಲ್ಲು ಹೊತ್ತು ಹೊತ್ತು ಅವಳ ಮುಂಗೈ ಬಲಿತು, ಬಳೆ ತೆಗೆಯಲು ಬಾರದಷ್ಟು ಬಿಗಿಯಾಯಿತು. ಊರಿನವರು ಅದನ್ನೂ ಶುಭವೆಂದೇ ಹೇಳಿದರು.

ಹೋದ ಮಳೆಗಾಲದಲ್ಲಿ ಒಡ್ಡು ಒಡೆದ ದಿನ ಕೆಂದಿಯೆಂಬ ಮಣಕ ತೆಂಕಣ ಮೂಲೆಯಲ್ಲಿ ನೀರಿನ ನಡುವೆ ಸಿಕ್ಕಿಕೊಂಡಿತು. ಅದನ್ನು ಕರೆತರಲು ವೇದಾವತಿ ಹೋದಳು. ಮಣಕ ಈಜಿಕೊಂಡು ಕೊಟ್ಟಿಗೆಗೆ ಬಂತು. ಅವಳು ಬರಲಿಲ್ಲ. ಇಳಿತದ ಹೊತ್ತಿಗೆ ದಂಡೆಯ ಮೇಲೆ ಸಿಕ್ಕಳು. ಬಳೆಯನ್ನು ಕೈಯಿಂದ ತೆಗೆಯಲಾಗಲಿಲ್ಲ, ಹಾಗೆಯೇ ಸುಟ್ಟೆವು.

ಆ ಕೆಂದಿಯೇ ಈಗ ಚೊಚ್ಚಲ ಕರು ಹಾಕುವುದಿತ್ತು. ಮಗಳು ಹೋದ ಮೇಲೆ ಕಾವಲಿನಲ್ಲಿ ಹುಟ್ಟುವ ಮೊದಲ ಕರು. ಹೊನ್ನಕ್ಕ ಒಮ್ಮೆ ಗುಡಿಗೆ ಬಂದಾಗ ದೇವರಿಗೆ ಹೇಳಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಬೇರೆ ಯಾರದಾದರೂ ಗುರುತು ಬರಲಿ, ಕತ್ತರಿ ಬರಲಿ, ಬಾಚಣಿಗೆ ಬರಲಿ, ನೆಲ ಬೀದಿಯವರ ಪಾಲಾಗಲಿ, ಆ ಗೋಲ ಮಾತ್ರ ಮತ್ತೆ ಬಾರದಿರಲಿ ಎಂದು ಅವಳು ಬೇಡಿಕೊಂಡಳು. ಗೋಲ ನಿಂತುಹೋದರೆ ಅದು ವೇದಾವತಿಯದೇ ಆಗಿತ್ತು, ಅವಳೊಂದಿಗೇ ಮುಗಿಯಿತು. ತಾಯಿ ಮಗಳನ್ನು ಹಿಡಿದಿಟ್ಟದ್ದಕ್ಕೆ ಒಂದು ಕಾರಣ ಉಳಿಯುತ್ತದೆ. ಮತ್ತೆ ಗೋಲವೇ ಬಂದರೆ ಅದು ಎಂದೂ ಅವಳದಾಗಿರಲಿಲ್ಲ.

ನಾನು ಹೋದಾಗ ಕೊಟ್ಟಿಗೆಯ ಮುಂದೆ ಊರಿನವರು ಯಾರೂ ಇರಲಿಲ್ಲ. ಉಪ್ಪಾದ ನೆಲಕ್ಕೆ ಯಾರು ಒಡೆಯನಾದರೇನು ಎಂದು ಜನ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೆಂದಿ ಮಲಗಿ ಕರು ಹಾಕಿತು. ಕರು ಬಡಕಲು, ಹೊರಗೆ ಬಿದ್ದದ್ದೇ ಗಡಗಡ ನಡುಗತೊಡಗಿತು. ಕೆಂದಿಗೆ ಎದ್ದು ನೆಕ್ಕುವ ತ್ರಾಣವಿರಲಿಲ್ಲ. ಬೊಮ್ಮು ಒಣಬಟ್ಟೆ ಕೇಳಿದ. ಮಂಜು ನುಗ್ಗಿದ ಮನೆಯಲ್ಲಿ ಹಾಸಿದ್ದು, ಹೊದ್ದದ್ದು, ಉಟ್ಟದ್ದು ಎಲ್ಲವೂ ಹಸಿ. ಹೊನ್ನಕ್ಕ ಒಳಗೆ ಹೋಗಿ ತುಸು ಹೊತ್ತು ಬಿಟ್ಟು ಬಂದಳು. ಕೈಯಲ್ಲಿ ಕೆಂಪು ರೇಷ್ಮೆಯ ಗಂಟು. ಒಲೆಯ ಮೇಲಿನ ತೊಲೆಯಲ್ಲಿ ತಲೆಮಾರುಗಳಿಂದ ಹೊಗೆ ಕುಡಿದದ್ದು, ಆ ಮನೆಯಲ್ಲಿ ಒಣಗಿದ್ದುದು ಅದೊಂದೇ.

ಬೊಮ್ಮು ಅದನ್ನು ಕಂಡದ್ದೇ ಅಭ್ಯಾಸಬಲದಿಂದ ಕಣ್ಣು ಮುಚ್ಚಿದ. ಹೊನ್ನಕ್ಕ ರೇಷ್ಮೆ ಬಿಚ್ಚಿದಳು. ಒಳಗಿದ್ದ ಹಗ್ಗ ಹುಲ್ಲಿನ ಮೇಲೆ ಬಿತ್ತು. ಅವಳು ಅತ್ತ ನೋಡದೆ ಕೂತು ಕರುವನ್ನು ಒರೆಸತೊಡಗಿದಳು. ಮುಖ ಒರೆಸಿದಳು, ಎದೆ ಒರೆಸಿದಳು, ಬೆನ್ನು ಒರೆಸಿದಳು. ಎಡದೊಡೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅಲ್ಲಿಗೆ ಬಂದಾಗ ಕೈ ನಿಲ್ಲಿಸಿ, ಮುಖ ಆಚೆ ತಿರುಗಿಸಿ, ಕಣ್ಣಿಲ್ಲದವರ ಹಾಗೆ ಒರೆಸಿದಳು.

“ಅಯ್ಯ, ಕಂಡದ್ದು ಕಂಡ ಹಾಗೆ ಹೇಳಿ,” ಅಂದಳು. “ನನ್ನ ಮುಖ ನೋಡಿ ಹೇಳೂದು ಬೇಡ.”

ನಾನು ಬಗ್ಗಿದೆ. ಕೇಳುವವರು ಯಾರೂ ಇಲ್ಲದಿದ್ದರೂ ಪದ್ಧತಿಯಂತೆ ಅಂಗಳಕ್ಕೆ ಮುಖ ಮಾಡಿ ಕೂಗಿದೆ. ಒಂದು ಗೋಲ, ಗೋಲದ ಪಕ್ಕಕ್ಕೆ ಒಂದು ಅಡ್ಡಗೆರೆ. ಮಂಜು ನನ್ನ ಮಾತನ್ನು ಅಲ್ಲೇ ಮೆತ್ತಗೆ ತಿಂದುಹಾಕಿತು.

ಹೊನ್ನಕ್ಕ ಅಳಲಿಲ್ಲ. ರೇಷ್ಮೆಯ ಒದ್ದೆಯನ್ನು ಹಿಂಡಿದಳು, ಮಡಿಸಿದಳು, ಮಡಿಕೆಯನ್ನು ಬಿಚ್ಚಿ ಇನ್ನೊಂದು ಸಲ ಮಡಿಸಿದಳು. ಆ ವೈದ್ಯನಿಗೆ ಈಗ ಎಷ್ಟು ಮಕ್ಕಳೋ ಎಂದು ಯಾರನ್ನೂ ಕೇಳದ ಹಾಗೆ ಕೇಳಿದಳು. ನನಗೆ ಒಂದು ದೇವರನಾಮವಾದರೂ ನೆನಪಿಗೆ ಬರಬೇಕಿತ್ತು. ಬರಲಿಲ್ಲ.

ಕರು ಏಳಲು ನೋಡಿ ಮುಗ್ಗರಿಸಿ ಹುಲ್ಲಿನ ಮೇಲೆ ಬಿದ್ದಿದ್ದ ಹಗ್ಗದ ಪಕ್ಕಕ್ಕೇ ಕುಸಿಯಿತು. ಅದರ ಕಾಲು ಸಿಕ್ಕಿಕೊಂಡೀತೆಂದು ಹೊನ್ನಕ್ಕ ಹಗ್ಗವನ್ನು ಎಳೆದಳು. ಎಳೆದ ಕೈ ಅರ್ಧಕ್ಕೆ ನಿಂತಿತು. ಅದು ತೆಂಗಿನ ನಾರಿನ ಕಣ್ಣಿ, ದನದ ಕೊರಳಿಗೆ ಹಾಕುವ ಸಾಧಾರಣ ಹಗ್ಗ. ಒಂದು ಉರುಳು, ಉರುಳು ಬಿಚ್ಚದಂತೆ ಪಕ್ಕಕ್ಕೆ ಅಡ್ಡವಾಗಿ ಸಿಕ್ಕಿಸಿದ ಸಣ್ಣ ಮರದ ತುಂಡು. ಅವಳು ಅದನ್ನು ಎತ್ತಿ, ಉರುಳನ್ನು ಸರಿಮಾಡಿ, ಕರುವಿನ ತೊಡೆಯ ಪಕ್ಕಕ್ಕೆ ಹಿಡಿದಳು. ಮರದ ತುಂಡಿನ ಒಂದು ತುದಿ ಸವೆದು ಮೊನಚಾಗಿತ್ತು. ಗುರುತಿನ ಅಡ್ಡಗೆರೆಯೂ ಅದೇ ತುದಿಯಲ್ಲಿ ಮೊನಚಾಗಿತ್ತು. ನಾನು ಕೈ ಮುಗಿದೆ. ಯಾರಿಗೆ ಮುಗಿದೆನೋ ತಿಳಿಯದು.

“ಬೊಮ್ಮು, ಕಣ್ಣು ಬಿಡು,” ಅಂದಳು ಹೊನ್ನಕ್ಕ.

ಅವನು ಕಣ್ಣು ತೆರೆದು ನೋಡಿದ. ಕಣ್ಣಿ ನೋಡಿದ, ಕರು ನೋಡಿದ, ತಿರುಗಿ ಕಣ್ಣಿ ನೋಡಿದ.

“ನಿಂಗೆ ಗೊತ್ತಿತ್ತಾ?”

“ಎಲ್ಲಿ ಗೊತ್ತು ಒಡ್ತಿ? ವರ್ಷವೂ ಕಣ್ಣು ಮುಚ್ಚೇ ಹಣೆ ಹಚ್ಚಿದ್ದು.” ಕರುವಿನ ತೊಡೆ ಮುಟ್ಟಿ ಅಂದ, “ಗೊತ್ತಿದ್ರೂ ನಮ್ಮಂತೋರ ಗುರುತೂ ಹುಟ್ತದೆ ಅಂದ್ರೆ ನಾನೇ ನಂಬ್ತಿರ್ಲಿಲ್ಲ. ಆ ಹುಡುಗಿದೇ ಅಂದ್ಕಂಡೇ ಕಲ್ಲು ಹೊತ್ತೆ.”

ಕಾವಲಿನ ಮುಂದಿನ ಒಡೆಯ ಅವನೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಹೊನ್ನಕ್ಕ ಕಣ್ಣಿಯನ್ನು ಅವನತ್ತ ಚಾಚಿದಳು. ಬೊಮ್ಮು ಕೈ ನೀಡಲಿಲ್ಲ. ಒಡ್ಡಿನ ಬಡಗಣ ತುದಿಯೂ ನಿನ್ನೆ ಹೋಯಿತೆಂದು ತಿಳಿಸಿದ. ಅದನ್ನು ಹೇಳಲೆಂದೇ ಬೆಳಿಗ್ಗೆ ಬಂದವನು, ಕೆಂದಿಯ ಅವಸರದಲ್ಲಿ ಹೇಳಿರಲಿಲ್ಲವಂತೆ. ಆಮೇಲೆ ಬಹಳ ಮೆತ್ತಗೆ ಕೇಳಿದ:

“ಕಣ್ಣಿ ಕೊಡ್ತ್ರಿ. ದನ ಎಲ್ಲಿ ಕಟ್ಲಿ ಒಡ್ತಿ?”

ಚಾಚಿದ್ದ ಕೈಯನ್ನು ಹೊನ್ನಕ್ಕ ಹಿಂದಕ್ಕೆ ತೆಗೆದುಕೊಂಡಳು. ಬೊಮ್ಮು ಕೆಂದಿಗೆ ಗಂಜಿ ಕಾಯಿಸಲು ಹೋದ.

ಮಧ್ಯಾಹ್ನದ ಹೊತ್ತಿಗೆ ಮಂಜು ಎದ್ದಿತು. ಏಳದಿದ್ದರೇ ಚೆನ್ನಾಗಿತ್ತು. ಹೊನ್ನಕ್ಕನೊಂದಿಗೆ ನಾನೂ ಕಾವಲಿನ ಉದ್ದಕ್ಕೂ ನಡೆದೆ. ಉದ್ದ ಅನ್ನುವುದಕ್ಕೆ ಅಲ್ಲಿ ಉಳಿದದ್ದು ಅಷ್ಟೇ. ಮೂರು ಮನೆಯವರು ಮಾರಿ, ಸೋತು, ಕಳೆದುಕೊಂಡ ನೆಲ ಒಂದು ಕೂಗಿನ ಅಳತೆಗೆ ಬಂದು ನಿಂತಿತ್ತು. ಬಿಳಿಯ ಉಪ್ಪಿನ ಹಕ್ಕಳೆ ಕಾಲಡಿ ಮುರಿಯುತ್ತಿತ್ತು. ಒಣಗಿದ ಮುಳ್ಳೆಲೆಯ ಮುಂಡಿಗೆ ಗಿಡದ ಮೆಳೆ, ನೀರಲ್ಲಿ ಅರ್ಧ ಮುಳುಗಿದ ಒಡ್ಡಿನ ಕಲ್ಲು. ಕಲ್ಲುಗಳಲ್ಲಿ ಯಾವುದು ವೇದಾವತಿ ಹೊತ್ತದ್ದು ಎಂದು ಹೊನ್ನಕ್ಕ ಹುಡುಕುತ್ತಿರುವಂತೆ ನನಗೆ ಕಂಡಿತು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಗೋವಳರಾಯನ ಚಿತ್ತ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಅವಳೇ ತಿರುಗಿ ನೋಡಿದಳು. ಮಲ್ಲರಸನಿಂದ ಹಿಡಿದು ಇಲ್ಲಿಯವರೆಗೆ ಎಲ್ಲರೂ ಗುರುತು ನೋಡಿ ಮುಂದೆ ಬರುವವನನ್ನು ಕಂಡು ಹೆದರಿದೆವು ಅಯ್ಯ, ಹಿಂದೆ ಇದ್ದವನ ನೆನಪೇ ಒಬ್ಬರಿಗೂ ಆಗಲಿಲ್ಲವಲ್ಲ ಎಂದಳು. ಅಷ್ಟು ಹೇಳಿ ಮನೆಯ ದಾರಿ ಹಿಡಿದಳು.

ಸಂಜೆ ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಗುಡಿಯ ಕಟ್ಟೆಯಿಂದ ಗೋವಳರ ಕೇರಿ ಕಾಣುತ್ತದೆ. ಹೊನ್ನಕ್ಕ ಒಬ್ಬಳೇ ಬರುತ್ತಿದ್ದಳು. ಆ ಕೇರಿಗೆ ಕಾವಲಿನ ಒಡೆಯರು ಕಾಲಿಟ್ಟದ್ದನ್ನು ನಾನು ಕೇಳಿಯೂ ಇರಲಿಲ್ಲ. ಬೊಮ್ಮುವಿನ ಅಂಗಳದ ಅಂಚಿಗೆ ಬಂದು ಅವಳು ನಿಂತಳು. ಒಡೆಯರ ದೊಡ್ಡಮನೆಯ ಅಂಗಳದಲ್ಲಿ ಬೊಮ್ಮುವಿನ ಹಿರಿಯರು ಎಲ್ಲಿ ನಿಲ್ಲುತ್ತಿದ್ದರೋ ಅಷ್ಟು ದೂರಕ್ಕೆ ಸರಿಯಾಗಿ ನಿಂತಳು. ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಬೊಮ್ಮುವಿನ ಹೆಂಡತಿ ಹಮ್ಮಿ ಮೊದಲು ಕಂಡು ಗಂಡನನ್ನು ಎಬ್ಬಿಸಿದಳು. ಅವನು ಹೆಗಲ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಎದುರಿಗೆ ಬಂದ. ಹಣೆ ಮುಂದಕ್ಕೆ ಬಾಗುವುದರಲ್ಲಿತ್ತು, ಅವಳು ತಲೆಯಾಡಿಸಿ ಬೇಡವೆಂದಳು.

ದನ ಎಲ್ಲಿ ಕಟ್ಟಲಿ ಎಂಬ ಅವನ ಮಾತಿಗೆ ಅವಳ ಬಳಿ ಆಗಲೂ ಉತ್ತರವಿರಲಿಲ್ಲ. ಅವಳ ಬೆನ್ನ ಹಿಂದೆ ಕಡಲು ತನ್ನ ಪಾಡಿಗೆ ತಾನು ನೆಲವನ್ನು ನೆಕ್ಕುತ್ತಿತ್ತು. ಹೊನ್ನಕ್ಕ ಸೆರಗಿನ ಒಳಗಿಂದ ಕಣ್ಣಿಯನ್ನು ತೆಗೆದಳು. ಅದನ್ನು ಮತ್ತೆ ರೇಷ್ಮೆಯಲ್ಲಿ ಸುತ್ತಿರಲಿಲ್ಲ, ಬರೀ ನಾರಿನ ಹಗ್ಗ. ಎರಡೂ ಕೈಯಲ್ಲಿ ಹಿಡಿದು, ಉರುಳು ಬಿಡಿಸಿ, ಮರದ ತುಂಡು ಅವನ ಕೈಗೆ ಸಿಗುವ ಹಾಗೆ ತಿರುಗಿಸಿ ಕೊಟ್ಟಳು.